ಮೀಟರ್ ಸರಿಯಿದ್ದರೂ ಧ್ವನಿ ಒಡೆದಿದೆ: ಕ್ಯಾಮ್‌ಕಾರ್ಡರ್‌ನಲ್ಲಿ ಮೈಕ್ ಲೆವೆಲ್ ಗಮನಿಸುವ ಬಗೆ ಹೇಗೆ?

ಪ್ರಶ್ನೆ (ತಿಪಟೂರು ತಾಲ್ಲೂಕಿನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮೂರಿನಲ್ಲಿ ನಡೆದ ಮೂಡಲಪಾಯ ಯಕ್ಷಗಾನವನ್ನು ಕ್ಯಾಮ್‌ಕಾರ್ಡರ್‌ನಲ್ಲಿ ಇಡೀ ರಾತ್ರಿ ಚಿತ್ರೀಕರಿಸಿದೆ. ನಮ್ಮ ಭಾಗವತರಿಗೆ ವಯಸ್ಸಾಗಿದೆ. ಅವರ ಪದಗಳು ಅವರ ಕಂಠದಲ್ಲೇ ಉಳಿಯಬೇಕೆಂಬ ಆಸೆಯಿಂದ ಈ ಕೆಲಸಕ್ಕೆ ಕೈಹಾಕಿದೆ. ಮೈಕ್ ಸೆಟ್‌ನವರ ಮಿಕ್ಸರ್‌ನಿಂದ ಒಂದು ವೈರ್ ಎಳೆದು ಕ್ಯಾಮೆರಾದ ಮೈಕ್ ಜ್ಯಾಕ್‌ಗೆ ಸಿಕ್ಕಿಸಿದ್ದೆ. ಆಟೋ ಲೆವೆಲ್ ಆಫ್ ಮಾಡಿ, ಪರದೆಯ ಮೀಟರ್ ಮೈನಸ್ 12 ಡೆಸಿಬಲ್ ದಾಟದಂತೆ ಕೈಯಿಂದಲೇ ಹೊಂದಿಸಿದ್ದೆ. ಒಮ್ಮೆಯೂ ಕೆಂಪು ಗುರುತು ಬರಲಿಲ್ಲ. ಆದರೆ ಮನೆಗೆ ಬಂದು ಕೇಳಿದರೆ ಮುಖವೀಣೆಯೂ ಭಾಗವತರ ಏರುದನಿಯೂ ಪೂರ್ತಿ ಒಡೆದಿವೆ. ಚಿತ್ರೀಕರಣದ ವೇಳೆ ಹೆಡ್‌ಫೋನ್‌ನಲ್ಲಿ ಸ್ವಲ್ಪ ಗೊರಗೊರ ಕೇಳಿಸಿತ್ತಾದರೂ, ಅದು ಹಳೆಯ ಹೆಡ್‌ಫೋನ್‌ನ ದೋಷವೆಂದುಕೊಂಡು ಅದರ ವಾಲ್ಯೂಮ್ ಇಳಿಸಿ ಸುಮ್ಮನಾದೆ. ಮೀಟರ್ ನನಗೆ ತಪ್ಪು ತೋರಿಸಿತೇ? ಮುಂದಿನ ತಿಂಗಳು ಪಕ್ಕದ ಊರಿನಲ್ಲಿ ಇನ್ನೊಂದು ಆಟವಿದೆ, ಅಷ್ಟರೊಳಗೆ ಇದನ್ನು ಸರಿಪಡಿಸಿಕೊಳ್ಳಬೇಕಾಗಿದೆ.

ಉತ್ತರ (ತುಮಕೂರು ನಗರದಿಂದ)

ಮೀಟರ್ ತಪ್ಪು ತೋರಿಸಿಲ್ಲ, ಆದರೆ ಅದು ತಾನು ನಿಂತ ಜಾಗದ ಅಳತೆಯನ್ನಷ್ಟೇ ಹೇಳುತ್ತದೆ. ಮೈಕ್ ಜ್ಯಾಕ್‌ಗೆ ಬಂದ ಸಂಕೇತ ಮೊದಲು ಕ್ಯಾಮೆರಾದೊಳಗಿನ ಪ್ರೀಆಂಪ್‌ಗೆ, ಅಂದರೆ ಮೈಕ್‌ನ ಸಣ್ಣ ಸಂಕೇತವನ್ನು ಹಿಗ್ಗಿಸುವ ಭಾಗಕ್ಕೆ, ಹೋಗುತ್ತದೆ, ಅನೇಕ ಕ್ಯಾಮ್‌ಕಾರ್ಡರ್‌ಗಳಲ್ಲಿ ನೀವು ತಿರುಗಿಸುವ ಲೆವೆಲ್ ಅದರ ಆಚೆಗಿರುತ್ತದೆ, ಮೀಟರ್ ಇನ್ನೂ ಆಚೆಗಿರುತ್ತದೆ. ಮೈಕ್‌ನಿಂದ ಬರುವುದು ಕೆಲವು ಮಿಲಿವೋಲ್ಟ್ ಮಾತ್ರ. ವೃತ್ತಿಪರ ಮಿಕ್ಸರ್‌ನ ಲೈನ್ ಔಟ್‌ನಿಂದ ಬರುವುದು ಸುಮಾರು 1.23 ವೋಲ್ಟ್, ಅಂದರೆ ನೂರಾರು ಪಟ್ಟು ಹೆಚ್ಚು. ಅಷ್ಟನ್ನು ತಾಳಲಾರದೆ ಪ್ರೀಆಂಪ್‌ನಲ್ಲಿಯೇ ಧ್ವನಿ ಒಡೆದಿದೆ, ಆಮೇಲೆ ನೀವು ಆ ಒಡೆದ ಧ್ವನಿಯನ್ನು ಮೈನಸ್ 12ಕ್ಕೆ ತಗ್ಗಿಸಿದ್ದೀರಿ. ಕೆರೆಯಲ್ಲೇ ಕದಡಿದ ನೀರು ತೂಬನ್ನು ಇಳಿಸಿದ ಮಾತ್ರಕ್ಕೆ ತಿಳಿಯಾಗುವುದಿಲ್ಲ.

ಇದು ನನ್ನ ಊಹೆಯಷ್ಟೇ, ಆದ್ದರಿಂದ ಎರಡು ವಿಷಯಗಳನ್ನು ನೋಡಿ ತಿಳಿಸಿ. ಲೆವೆಲ್ ಸಂಖ್ಯೆಯನ್ನು ಎಷ್ಟಕ್ಕೆ ಇಟ್ಟಿದ್ದಿರಿ? ಎಡಿಟಿಂಗ್ ತಂತ್ರಾಂಶದಲ್ಲಿ ಧ್ವನಿಯ ಅಲೆಗಳನ್ನು ಹಿಗ್ಗಿಸಿ ನೋಡಿದಾಗ ಅವುಗಳ ತುದಿ ಎಲ್ಲಿ ಚಪ್ಪಟೆಯಾಗಿದೆ? ಸೊನ್ನೆ ಡೆಸಿಬಲ್‌ನ ಗೆರೆಯಲ್ಲಿ, ಅಂದರೆ ಮುದ್ರಣದ ಗರಿಷ್ಠ ಮಿತಿಯಲ್ಲಿ, ಚಪ್ಪಟೆಯಾಗಿದ್ದರೆ ಲೆವೆಲ್ ಹೆಚ್ಚಿತ್ತೆಂದು ಅರ್ಥ. ಸೊನ್ನೆಗಿಂತ ಬಹಳ ಕೆಳಗೇ ಬೋಳಾಗಿದ್ದರೆ ಧ್ವನಿ ಮೀಟರ್‌ಗೆ ತಲುಪುವ ಮೊದಲೇ ಕೆಟ್ಟಿತ್ತೆಂದು ಅರ್ಥ.

ಪ್ರಶ್ನಿಸಿದವರು

ನೀವು ಹೇಳಿದಂತೆಯೇ ಇದೆ. 31ರವರೆಗಿನ ಲೆವೆಲ್‌ನಲ್ಲಿ ನಾನು 2ಕ್ಕೆ ಇಟ್ಟಿದ್ದೆ, ಅಲೆಗಳು ಮೈನಸ್ 12ರ ಹತ್ತಿರ ಕತ್ತರಿಸಿದಂತಿವೆ. ಇನ್ನೊಂದು ವಿಚಿತ್ರವನ್ನು ಈಗ ಗಮನಿಸಿದೆ. ಹೆಡ್‌ಫೋನ್‌ನಲ್ಲಿ ಜೋರಾಗಿ ಕೇಳುವ ಪದ, ಒಂದೇ ಸ್ಪೀಕರ್ ಇರುವ ಮೊಬೈಲ್‌ನಲ್ಲಿ ಹಾಕಿದರೆ ಬಹುಮಟ್ಟಿಗೆ ಮಾಯವಾಗುತ್ತದೆ.

ಉತ್ತರ (ಚಿಂತಾಮಣಿಯಿಂದ)

ಮೊಬೈಲ್‌ನ ತೊಂದರೆಗೆ ಕಾರಣ ನಿಮ್ಮ ವೈರ್. ಮಿಕ್ಸರ್‌ನ ಬ್ಯಾಲೆನ್ಸ್ಡ್ ಔಟ್ ಒಂದೇ ಧ್ವನಿಯನ್ನು ಎರಡು ತಂತಿಗಳಲ್ಲಿ, ಒಂದರಲ್ಲಿ ನೇರವಾಗಿಯೂ ಇನ್ನೊಂದರಲ್ಲಿ ತಲೆಕೆಳಗಾಗಿಯೂ ಕಳಿಸುತ್ತದೆ. ಕ್ಯಾಮೆರಾದ 3.5 ಮಿಲಿಮೀಟರ್ ಸ್ಟೀರಿಯೊ ಜ್ಯಾಕ್ ಅವೆರಡನ್ನು ಎಡ ಮತ್ತು ಬಲ ಎಂದು ಭಾವಿಸಿಕೊಳ್ಳುತ್ತದೆ. ಒಂದೇ ಸ್ಪೀಕರ್‌ನಲ್ಲಿ ಎರಡೂ ಕೂಡಿದಾಗ ಒಂದನ್ನೊಂದು ಅಳಿಸಿಹಾಕುತ್ತವೆ. ಸದ್ಯಕ್ಕೆ ಎಡಿಟಿಂಗ್‌ನಲ್ಲಿ ಬಲಗಡೆಯದನ್ನು ತೆಗೆದು ಎಡಗಡೆಯದನ್ನೇ ಎರಡೂ ಕಡೆಗೆ ಹಾಕಿ. ಮುಂದಿನ ಆಟಕ್ಕೆ, ಬ್ಯಾಲೆನ್ಸ್ಡ್ ಲೈನ್‌ನಿಂದ ಕ್ಯಾಮೆರಾಕ್ಕೆ ಹೊಂದಿಸುವ ಟ್ರಾನ್ಸ್‌ಫಾರ್ಮರ್ ಇರುವ ಅಡಾಪ್ಟರ್ ಅನ್ನೂ 40 ಡೆಸಿಬಲ್ ತಗ್ಗಿಸುವ ಅಟೆನ್ಯುಯೇಟರ್ ಅನ್ನೂ ನಡುವೆ ಹಾಕಿಕೊಳ್ಳಿ. 40 ಡೆಸಿಬಲ್ ಎಂದರೆ ವೋಲ್ಟೇಜ್ ನೂರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ, ಆಗ ಲೆವೆಲ್ ಅನ್ನು ನಡುವಿನ ಅಂಕಿಗಳಲ್ಲಿಟ್ಟು ಕೆಲಸ ಮಾಡಬಹುದು.

ಮೀಟರ್ ನೋಡುವ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮ ಕಡೆ ತಮಟೆಯನ್ನು ಮುದ್ರಿಸುವಾಗ ನಾನು ಕಂಡುಕೊಂಡಿದ್ದೇನೆಂದರೆ, ಪೆಟ್ಟು ಬಿದ್ದ ಕ್ಷಣದ ಏರನ್ನು ಪರದೆಯ ಸಣ್ಣ ಪಟ್ಟಿ ಎಲ್ಲ ಸಲವೂ ಹಿಡಿದು ತೋರಿಸುವುದಿಲ್ಲ. ಆದ್ದರಿಂದ ಹಾಡಿಗೆ ಮೈನಸ್ 12 ಸಾಕಾದರೂ, ತಮಟೆಗೆ ಅಥವಾ ಮದ್ದಳೆಗೆ ಮೈನಸ್ 18ರ ಆಸುಪಾಸಿನಲ್ಲಿ ಇಡುವುದು ಕ್ಷೇಮ. ಆಟೋ ಲೆವೆಲ್‌ಗೆ ಮರಳಬೇಡಿ. ಪ್ರತಿ ಪೆಟ್ಟಿಗೂ ಅದು ಹಾಡನ್ನು ಅದುಮುತ್ತದೆ, ಮೌನ ಬಂದಾಗ ಜನರೇಟರ್ ಸದ್ದನ್ನು ಎತ್ತಿ ಹಿಡಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಹೆಡ್‌ಫೋನ್‌ನ ವಾಲ್ಯೂಮ್ ಇಳಿಸಿದರೆ ನಿಮ್ಮ ಕಿವಿಗೆ ಬರುವುದು ಕಡಿಮೆಯಾಗುತ್ತದೆಯೇ ಹೊರತು ಮುದ್ರಣವಾಗುವುದು ಬದಲಾಗುವುದಿಲ್ಲ. ವಾಲ್ಯೂಮ್ ಇಳಿಸಿದ ಮೇಲೂ ಗೊರಗೊರ ಹಾಗೆಯೇ ಉಳಿದರೆ ದೋಷ ಹೆಡ್‌ಫೋನ್‌ನದ್ದಾಗಿರುವ ಸಂಭವ ಕಡಿಮೆ. ಇಂಥ ಸಂದೇಹ ಬಂದ ಕೂಡಲೇ ಅರ್ಧ ನಿಮಿಷ ಮುದ್ರಿಸಿ, ಅಲ್ಲಿಯೇ ಹಿಂದಕ್ಕೆ ಹಾಕಿ ಕೇಳಿ. ರಂಗಸ್ಥಳದ ಪಕ್ಕದಲ್ಲಿ ನಿಂತವರಿಗೆ ಹೊರಗಿನ ಸದ್ದೇ ಕಿವಿ ತುಂಬುವುದರಿಂದ ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕು.

ಪ್ರಶ್ನಿಸಿದವರು

ನಿನ್ನೆ ಮೈಕ್ ಸೆಟ್‌ನವರ ಅಂಗಡಿಯಲ್ಲಿ ಅವರ ಮಿಕ್ಸರ್‌ಗೇ ಜೋಡಿಸಿ ಪರೀಕ್ಷಿಸಿದೆ. ಅಡಾಪ್ಟರ್ ಮತ್ತು ಅಟೆನ್ಯುಯೇಟರ್ ಹಾಕಿದ ಮೇಲೆ ಲೆವೆಲ್ 14ರಲ್ಲಿ ನಿಂತಿತು. ಅವರು ಮೈಕ್ ಮುಂದೆ ಕೂಗಿದರೂ ಧ್ವನಿ ಒಡೆಯಲಿಲ್ಲ, ಮೊಬೈಲ್‌ನಲ್ಲಿಯೂ ಸ್ಪಷ್ಟವಾಗಿ ಕೇಳಿಸಿತು. ಹಳೆಯ ಮುದ್ರಣದಲ್ಲಿ ಎಡಗಡೆಯದನ್ನು ಉಳಿಸಿಕೊಂಡು ಮಾತಿನ ಭಾಗಗಳನ್ನು ಕೇಳುವಂತೆ ಮಾಡಿದ್ದೇನೆ. ಏರುಸ್ವರದ ಪದಗಳು ಮಾತ್ರ ಸರಿಹೋಗಲಿಲ್ಲ. ಅವುಗಳನ್ನು ತಮ್ಮ ಮನೆಯ ಜಗಲಿಯಲ್ಲಿ ಮತ್ತೊಮ್ಮೆ ಹಾಡಿಕೊಡಲು ಭಾಗವತರು ಒಪ್ಪಿದ್ದಾರೆ. ಭಾನುವಾರ ಬೆಳಿಗ್ಗೆ ಹೋಗುತ್ತಿದ್ದೇನೆ, ಮಿಕ್ಸರ್ ಇಲ್ಲದೆ ಒಂದೇ ಮೈಕ್‌ನೊಂದಿಗೆ.