ಮಂಚ ಮಾಡುವ ಅಂಗಡಿಯಲ್ಲೇ ಶವಪೆಟ್ಟಿಗೆ ಯಾಕೆ?

ಮೊಮ್ಮಗ, ಬೆಟಗೇರಿ:
ನಮ್ಮ ಅಜ್ಜನದು ಬೆಟಗೇರಿಯಲ್ಲಿ ಫರ್ನಿಚರ್ ಅಂಗಡಿ. ಮಂಚ, ತೊಟ್ಟಿಲು, ಶಾಲೆ ಬೆಂಚು, ಬಾಗಿಲು ಚೌಕಟ್ಟು ಮಾಡುತ್ತಿದ್ದರು. ಅಲ್ಲೇ ಕ್ರೈಸ್ತರ ಮನೆಗಳಿಗೆ ಶವಪೆಟ್ಟಿಗೆಯೂ ಆಗುತ್ತಿತ್ತು, ಲಿಂಗಾಯತರು ಹೆಣ ಕೂಡಿಸಿ ಹೊತ್ತೊಯ್ಯುವ ‘ವಿಮಾನ’ಕ್ಕೆ ಪೀಠವೂ ಆಗುತ್ತಿತ್ತು. ಅಪ್ಪನ ಕಾಲಕ್ಕೆ ಹೆಣ ಸಾಗಿಸುವ ಗಾಡಿ, ಫ್ರೀಜರ್ ಪೆಟ್ಟಿಗೆ ಬಾಡಿಗೆ ಸೇರಿದವು. ಈಗ ಅಂಗಡಿಯ ಚರಿತ್ರೆ ಬರೆಯುತ್ತಿದ್ದೇನೆ. ಮನೆಯಲ್ಲಿ ಮಾತ್ರ, ‘ಸಾವಿನ ಕೆಲಸದ ಸುದ್ದಿ ಬೇಡ, ಮದುವೆಗೆ ಮಂಚ ಕೊಳ್ಳೋಕೆ ಬರೋರು ಏನಂದಾರು’ ಅನ್ನುತ್ತಾರೆ. ಅದನ್ನು ಬಿಟ್ಟರೆ ಅರ್ಧ ಅಜ್ಜನನ್ನೇ ಬಿಟ್ಟಂತೆ, ಅಲ್ವಾ? ಈ ಎರಡು ಕೆಲಸ ಒಟ್ಟಿಗೆ ಹೇಗೆ ಬಂದವು? ನಿಮ್ಮೂರಲ್ಲೂ ಹೀಗೇ ಇತ್ತಾ?

ಹಾವೇರಿಯವರು:
ವಿಮಾನಕ್ಕೆ ಬಿದಿರು, ಬಾಳೆದಿಂಡು ಕಟ್ಟುವುದು ನಮ್ಮಲ್ಲಿ ಓಣಿಯವರೇ. ಕೂಡಿಸಿ ಒಯ್ಯಬೇಕಲ್ಲ, ಬೆನ್ನಿಗೆ ಆಸರೆ ಇರುವ ಗಟ್ಟಿ ಪೀಠ ಬೇಕು. ಅದು ಬಡಿಗೇರರ ಮನೆಯಿಂದ ಬರುತ್ತಿತ್ತು. ಅದಕ್ಕೆ ಅವರು ಬೆಲೆ ಹೇಳುತ್ತಿರಲಿಲ್ಲ. ಸುಗ್ಗಿಯಲ್ಲಿ ವರ್ಷದ ಕೆಲಸಕ್ಕೆ ಕೂಲಿಯಾಗಿ ಜೋಳದ ಆಯ ಕೊಡುವಾಗ ನಮ್ಮಪ್ಪ ಅವರಿಗೆ ಒಂದು ಬುಟ್ಟಿ ಜಾಸ್ತಿ ಹಾಕುತ್ತಿದ್ದರು. ದಯವಿಟ್ಟು ಬರೆಯಿರಿ.

ನಿವೃತ್ತ ಐಟಿಐ ಮಾಸ್ತರ, ಧಾರವಾಡ:
ಒಣ ಹಲಗೆಯೇ ಕಾರಣ. ಮಂಚ ಹೇಳಿದವರು ತಿಂಗಳು ಕಾಯುತ್ತಾರೆ. ಸಾವಿನ ಮನೆಯವರು ಕಾಯುವ ಹಾಗಿಲ್ಲ. ನಮ್ಮ ಬಿಸಿಲಿಗೆ ಮಣ್ಣು ಇವತ್ತೇ ಆಗಬೇಕು, ತಡ ಅಂದರೆ ನಾಳೆ. ರಾತ್ರಿ 11ಕ್ಕೆ ಬಾಗಿಲು ಬಡಿದರೂ ಒಣಗಿದ ಹಲಗೆ, ಸ್ಕ್ರೂ, ಪಳಗಿದ ಕೈ ಎಲ್ಲ ಒಂದೇ ಕಡೆ ಸಿಗುತ್ತಿದ್ದದ್ದು ಫರ್ನಿಚರ್ ಅಂಗಡಿಯಲ್ಲಿ.

ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಧರ್ಮಪ್ರಚಾರಕ ಸಂಸ್ಥೆ ಬಾಸೆಲ್ ಮಿಶನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839, ನಿಮ್ಮ ಬೆಟಗೇರಿಗೆ 1841. ಚರ್ಚು ಬಂದ ಊರಿಗೆ ಪೆಟ್ಟಿಗೆಯ ಕೆಲಸವೂ ಬಂತು. ಅದು ಸುಮ್ನೆ ಡಬ್ಬಿ ಬಡಿಯುವ ಕೆಲಸವಲ್ಲ. ಭುಜದ ಹತ್ತಿರ ಅಗಲ, ಕಾಲಿನ ಕಡೆ ಕಿರಿದು. ಪಕ್ಕದ ಹಲಗೆಯನ್ನು ತುಂಡು ಮಾಡದೆ ಬಗ್ಗಿಸಬೇಕು. ಒಳಮೈಗೆ ಗರಗಸದಿಂದ ಸಾಲಾಗಿ ಗೀರು ಹಾಕಿ, ಬಿಸಿನೀರು ಹೊಯ್ದು, ನಿಧಾನಕ್ಕೆ ಬಗ್ಗಿಸುವುದು. ಗೀರು ಸ್ವಲ್ಪ ಆಳವಾದರೆ ಹಲಗೆ ಮುರಿಯುತ್ತದೆ, ಕಡಿಮೆಯಾದರೆ ಬಗ್ಗುವುದಿಲ್ಲ. ಈ ಹದ ಬಂದವನಿಗೆ ಕುರ್ಚಿಯ ಬೆನ್ನು ಬಗ್ಗಿಸುವುದು ಕಷ್ಟವೇ ಅಲ್ಲ. ಸಾಗವಾನಿ ಮಂಚಕ್ಕೆ, ಮಾವಿನ ಹಲಗೆ ಪೆಟ್ಟಿಗೆಗೆ. ಮಣ್ಣಲ್ಲಿ ಕರಗಬೇಕಾದ್ದಕ್ಕೆ ಸಾಗವಾನಿ ಯಾಕೆ?

ಇಂಗ್ಲೆಂಡ್, ಅಮೆರಿಕದ ಸಣ್ಣ ಊರುಗಳಲ್ಲೂ ಫರ್ನಿಚರ್ ಮಾಡುವವರೇ ಅಂತ್ಯಕ್ರಿಯೆಯ ವ್ಯವಸ್ಥೆಗೆ ಇಳಿದರು. ಅಮೆರಿಕದಲ್ಲಿ 1861ರಿಂದ 1865ರ ಅಂತರ್ಯುದ್ಧದಲ್ಲಿ ಸತ್ತ ಸೈನಿಕರನ್ನು ದೂರದ ಮನೆಗೆ ಕಳಿಸಬೇಕಾಗಿ, ಹೆಣ ಕೆಡದಂತೆ ಔಷಧಿ ಏರಿಸುವುದು ಹೆಚ್ಚಿತು. 1865ರಲ್ಲಿ ಲಿಂಕನ್ ದೇಹವನ್ನೂ ಹಾಗೆ ಕಾಪಾಡಿ, ವಾಷಿಂಗ್ಟನ್‌ನಿಂದ ಸ್ಪ್ರಿಂಗ್‌ಫೀಲ್ಡ್‌ವರೆಗೆ ರೈಲಿನಲ್ಲಿ ಒಯ್ದರು. ಆಮೇಲೆ ಅಲ್ಲಿ ಅದು ಬೇರೆಯೇ ವೃತ್ತಿಯಾಗಿ ಬೆಳೆಯಿತು. ನಿಮ್ಮಲ್ಲಿ ಫ್ರೀಜರ್ ಪೆಟ್ಟಿಗೆ ಬಂದದ್ದೂ ಇಂಥದೇ ಕಾರಣಕ್ಕೆ ಇರಬೇಕು, ಮಕ್ಕಳು ಬೆಂಗಳೂರಿನಿಂದ ಬರೋವರೆಗೆ ಕಾಯಬೇಕಲ್ಲ.

ಮೊಮ್ಮಗ, ಬೆಟಗೇರಿ:
ಹೌದು ಮಾಸ್ತರೇ, ಅಪ್ಪನೂ ಇದನ್ನೇ ಹೇಳುತ್ತಿದ್ದರು. ರೆಡಿಮೇಡ್ ಮಂಚ, ಸ್ಟೀಲ್ ಕಪಾಟು ಬಂದ ಮೇಲೆ ಅಂಗಡಿ ಉಳಿದದ್ದೇ ಆ ಕೆಲಸದಿಂದ. ನಾವು ಓದಿದ್ದೂ ಅದರಿಂದಲೇ. ಅಜ್ಜನ ಆರ್ಡರ್ ಪುಸ್ತಕ ಸಿಕ್ಕಿದೆ. ತೊಟ್ಟಿಲಿನ ಅಳತೆಯ ಕೆಳಗೇ ಪೆಟ್ಟಿಗೆಯ ಅಳತೆ, ಫೂಟು ಇಂಚಿನಲ್ಲಿ. ಕೆಲವು ಎರಡೂವರೆ ಫೂಟಿನವು. ಅವುಗಳ ಮುಂದೆ ದುಡ್ಡಿನ ಕಾಲಂ ಖಾಲಿ ಇದೆ.

ನಿವೃತ್ತ ಐಟಿಐ ಮಾಸ್ತರ, ಧಾರವಾಡ:
ಆ ಪುಟಗಳನ್ನು ಮನೆಯವರಿಗೆ ತೋರಿಸಿ, ಆಮೇಲೆ ಮಾತಾಡಿ. ಅಚ್ಚು ಹಾಕುವಾಗ ಗಿರಾಕಿಗಳ ಹೆಸರು ಮುಚ್ಚಿ, ಅಳತೆ ಮತ್ತು ತಾರೀಖು ಇರಲಿ. ದಾಂಡೇಲಿ ಡಿಪೋದ ಮರದ ರಸೀದಿ ಏನಾದರೂ ಇದ್ದರೆ ಅದನ್ನೂ ಸೇರಿಸಿ. ಪುಸ್ತಕವನ್ನು ಮಾತ್ರ ಅಂಗಡಿಯಲ್ಲಿ ಇಡಬೇಡಿ, ಗೆದ್ದಲು ಬಿಡುವುದಿಲ್ಲ.