ಗೆಳೆಯರ ಜೊತೆ ಸೇರಿ ಮಗ ಗಾಂಜಾ ಸೇದುತ್ತಿದ್ದಾನೆ, ದಾಟಿ ಬಂದವರು ತಿಳಿಸಿ

ದಾವಣಗೆರೆಯ ತಾಯಿಯ ಪ್ರಶ್ನೆ:
ಮಗನಿಗೆ 16 ವರ್ಷ, ಪ್ರಥಮ ಪಿಯುಸಿ. ಬಟ್ಟೆ ನೆನೆಹಾಕುವಾಗ ಅವನ ಪ್ಯಾಂಟಿನ ಜೇಬಿನಲ್ಲಿ ಸಿಗರೇಟು ಸುತ್ತುವ ತೆಳು ಕಾಗದ, ಒಂದು ಚಿಟಿಕೆ ಗಾಂಜಾ ಸೊಪ್ಪು ಸಿಕ್ಕಿತು. "ಎಲ್ಲರೂ ಸೇದುತ್ತಾರೆ, ನಾನೊಬ್ಬನೇ ಹೇಗೆ ಬೇಡವೆನ್ನಲಿ" ಎನ್ನುತ್ತಾನೆ. ಆ ಸಹವಾಸ ಬಿಡಿಸುವುದು ಹೇಗೆ?

ಮೈಸೂರಿನಿಂದ:
ಅಕ್ಕ, ಎರಡು ವರ್ಷದ ಹಿಂದೆ ನನ್ನ ಮನೆಯಲ್ಲೂ ಇದೇ ಆಗಿತ್ತು. ನಾನು ಮೊಬೈಲ್ ಕಿತ್ತುಕೊಂಡು, "ಆ ಹುಡುಗರ ಜೊತೆ ಕಂಡರೆ ಮನೆಗೆ ಬರಬೇಡ" ಎಂದುಬಿಟ್ಟೆ. ಅವರಲ್ಲೊಬ್ಬ ಒಂದನೇ ತರಗತಿಯಿಂದ ಅವನ ಪಕ್ಕದಲ್ಲೇ ಕುಳಿತವನು. ಮಗ ಗೆಳೆಯರನ್ನು ಬಿಡಲಿಲ್ಲ, ನನ್ನ ಹತ್ತಿರ ನಿಜ ಹೇಳುವುದನ್ನು ಬಿಟ್ಟ.

ತಿಂಗಳ ಮೇಲೆ ಒಂದು ರಾತ್ರಿ ದೋಸೆ ಹುಯ್ಯುತ್ತಾ ಮೆಲ್ಲಗೆ ಕೇಳಿದೆ, ಬೇಡ ಎಂದರೆ ಏನಾಗುತ್ತದೆ ಎಂದು. ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ಯಾರೂ ಬಲವಂತ ಮಾಡುವುದಿಲ್ಲ ಅಮ್ಮ. ಕೈಯಿಂದ ಕೈಗೆ ಬರುತ್ತದೆ. ನನ್ನ ಸರದಿ ಬಂದಾಗ ಎಲ್ಲರೂ ಮಾತು ನಿಲ್ಲಿಸಿ ನೋಡುತ್ತಾರೆ."

ಅವತ್ತೇ ಒಂದು ಉಪಾಯ ಹೂಡಿದೆವು. "ಹಾಲು ತರಬೇಕಾ?" ಎಂದು ಅವನ ಸಂದೇಶ ಬಂದರೆ, ನಾನು ಫೋನ್ ಮಾಡಿ ಪಕ್ಕದವರಿಗೂ ಕೇಳುವಂತೆ ಬೈದು ಮನೆಗೆ ಕರೆಯುವುದು. ಕೆಟ್ಟ ಹೆಸರು ನನಗಿರಲಿ, ಅವನ ಮಾನ ಉಳಿಯುತ್ತಿತ್ತು. ಆರೇಳು ಸಲ ಹೀಗೆ ಹಾಲು ತರಿಸಿದ್ದೇನೆ. ಸಂಜೆ ಹೊತ್ತಿಗೆ ಕಬಡ್ಡಿ ಅಭ್ಯಾಸಕ್ಕೂ ಸೇರಿಸಿದೆವು. ಅಲ್ಲಿ ಬೇರೆ ಗೆಳೆಯರು ಸಿಕ್ಕಿದರು.

ಶಿವಮೊಗ್ಗದಿಂದ, ಉಪನ್ಯಾಸಕ:
ಆ ಹುಡುಗ ಹೇಳಿದ "ನೋಡುತ್ತಾರೆ" ಎಂಬ ಮಾತು ದೊಡ್ಡದು. 2005ರಲ್ಲಿ ಅಮೆರಿಕದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಹದಿಹರೆಯದವರಿಗೆ ಕಾರು ಓಡಿಸುವ ಕಂಪ್ಯೂಟರ್ ಆಟ ಕೊಟ್ಟು ಪರೀಕ್ಷಿಸಿದ್ದರು. ಒಂಟಿಯಾಗಿದ್ದಾಗ ದೊಡ್ಡವರಿಗೂ ಅವರಿಗೂ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ. ಗೆಳೆಯರು ಪಕ್ಕದಲ್ಲಿದ್ದಾಗ ಮಾತ್ರ ಅಪಾಯಕ್ಕೆ ಕೈಹಾಕುವುದು ಬಹಳ ಹೆಚ್ಚಾಯಿತು. ಇನ್ನು "ಎಲ್ಲರೂ ಸೇದುತ್ತಾರೆ" ಎಂಬುದು ಸುಳ್ಳು. 2019ರ ರಾಷ್ಟ್ರೀಯ ಸಮೀಕ್ಷೆಯಂತೆ 10ರಿಂದ 17 ವರ್ಷದವರಲ್ಲಿ ಗಾಂಜಾ, ಭಂಗಿ ಎಲ್ಲ ಸೇರಿಸಿದರೂ ಬಳಸುವವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ನನ್ನ ತರಗತಿಯಲ್ಲಿ ಈ ಲೆಕ್ಕ ಹೇಳಿದಾಗ ಹಿಂದಿನ ಬೆಂಚಿನವರೂ ನಂಬಲಿಲ್ಲ.

ಹುಬ್ಬಳ್ಳಿಯಿಂದ, ಬಿಟ್ಟವನು:
ನನಗೀಗ 23. ದಿನವೂ ಸೇದುತ್ತಿದ್ದೆ. ಬಿಟ್ಟ ಮೊದಲ ಹತ್ತು ದಿನ ನಿದ್ದೆಯಿಲ್ಲ, ಅನ್ನ ಸೇರದು, ಅಪ್ಪ ಕೆಮ್ಮಿದರೂ ಸಿಟ್ಟು. ಅಮ್ಮ, ನಿಮ್ಮ ಮಗ ಹಾಗೆ ಸಿಡುಕಿದರೆ ಕೊಬ್ಬು ಎಂದುಕೊಳ್ಳಬೇಡಿ, ದೇಹ ಕೇಳುತ್ತಿರುತ್ತದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ವಿಭಾಗವಿದೆ. ಪೊಲೀಸರ ಭಯದಿಂದ ಚಿಕಿತ್ಸೆ ಮುಂದೂಡಬೇಡಿ. ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆಯ ಆಸ್ಪತ್ರೆಗೆ ಬಂದು ಚಿಕಿತ್ಸೆ ಪಡೆಯುವ ವ್ಯಸನಿಗೆ, ಸೇವನೆಯ ಪ್ರಕರಣದಲ್ಲಿ 1985ರ ಮಾದಕವಸ್ತು ಕಾಯ್ದೆಯ 64ಎ ಕಲಮು ರಕ್ಷಣೆ ಕೊಡುತ್ತದೆ.

ನನ್ನ ಹಳೆಯ ಗುಂಪಿನವನೊಬ್ಬ ಕಳೆದ ತಿಂಗಳು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, "ನೀನು ಯಾವ ಡಾಕ್ಟರ ಹತ್ತಿರ ಹೋಗಿದ್ದೆ?" ಎಂದು ಕೇಳಿದ. ಮರುದಿನ ನನ್ನ ಬೈಕಿನಲ್ಲೇ ಕರೆದುಕೊಂಡು ಹೋದೆ.