ಐಇಎಲ್‌ಟಿಎಸ್ ಲಿಸನಿಂಗ್, ರೀಡಿಂಗ್ ಎರಡೂ ಆರೂವರೆಯಲ್ಲೇ ನಿಂತಿವೆ, ಏಳು ಬೇಕು

ಗಿರ್ಮಿಟ್:

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಸ್ಟಾಫ್ ನರ್ಸ್, ಐಸಿಯುನಲ್ಲಿ ಡ್ಯೂಟಿ. ಯುಕೆಗೆ ಹೋಗಬೇಕು ಅಂತ ತಯಾರಿ ನಡೆದಿದೆ. ಅಲ್ಲಿ ನರ್ಸ್‌ಗಳನ್ನು ರಿಜಿಸ್ಟರ್ ಮಾಡುವ ಎನ್‌ಎಂಸಿಯವರು ಐಇಎಲ್‌ಟಿಎಸ್ ಅಕಾಡೆಮಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಮೂರಕ್ಕೂ 7 ಬ್ಯಾಂಡ್ (ಅಲ್ಲಿ ಅಂಕಕ್ಕೆ ಹಾಗನ್ನುತ್ತಾರೆ) ಕೇಳುತ್ತಾರೆ, ರೈಟಿಂಗ್‌ಗೆ 6.5. ರೈಟಿಂಗ್‌ಗೆ ಕ್ಲಾಸ್‌ಗೆ ಸೇರಿದ್ದೇನೆ, ಸ್ಪೀಕಿಂಗ್ ಹೇಗೋ ಆಗುತ್ತದೆ. ತಲೆ ಕೆಡಿಸಿರುವುದು ಉಳಿದ ಎರಡು.

ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಆಮೇಲೆ ನರ್ಸಿಂಗ್ ಎಲ್ಲಾ ಇಂಗ್ಲಿಷ್‌ನಲ್ಲೇ ಓದಿದ್ದು, ಹಾಗಾಗಿ ಅರ್ಥ ಆಗುವುದಿಲ್ಲ ಅಂತ ಏನಿಲ್ಲ. ಆದರೆ ಮಾಕ್ ಟೆಸ್ಟ್‌ನಲ್ಲಿ ಲಿಸನಿಂಗ್ 40ಕ್ಕೆ 26, 27 ಬಂದು ನಿಲ್ಲುತ್ತದೆ. ಒಂದು ಉತ್ತರ ತಪ್ಪಿಹೋದರೆ ಅದನ್ನೇ ಯೋಚಿಸುತ್ತಾ ಮುಂದಿನ ಮೂರು ಕೂಡ ಹೋಗಿಬಿಡುತ್ತವೆ. ರೀಡಿಂಗ್‌ನಲ್ಲಿ ಮೂರನೇ ಪ್ಯಾಸೇಜ್ ಮುಟ್ಟುವಷ್ಟರಲ್ಲಿ ಹತ್ತು ನಿಮಿಷ ಉಳಿದಿರುತ್ತದೆ. ಕೊಟ್ಟ ಹೇಳಿಕೆ ಪ್ಯಾಸೇಜ್ ಪ್ರಕಾರ ಸರಿಯೋ, ತಪ್ಪೋ, ಅಲ್ಲಿ ಹೇಳಿಯೇ ಇಲ್ಲವೋ ಅಂತ ಕೇಳುವ ಟ್ರೂ, ಫಾಲ್ಸ್, ನಾಟ್ ಗಿವನ್ ಅಂತೂ ಲಾಟರಿ ಇದ್ದ ಹಾಗೆ. ಅದರಲ್ಲೂ ಆರೋಗ್ಯದ ವಿಷಯದ ಪ್ಯಾಸೇಜ್ ಬಂದಾಗಲೇ ಜಾಸ್ತಿ ತಪ್ಪುತ್ತವೆ, ಇದು ಯಾಕೆ ಅಂತ ತಿಳಿಯುತ್ತಿಲ್ಲ.

ಶಿಫ್ಟ್ ಡ್ಯೂಟಿ ಇರುವುದರಿಂದ ದಿನಕ್ಕೆ ಒಂದು, ಒಂದೂವರೆ ಗಂಟೆ ಸಿಕ್ಕರೆ ಹೆಚ್ಚು. ಅಷ್ಟರಲ್ಲಿ ಏನು ಮಾಡಬೇಕು? ಬರೆದವರು, ಪಾಸಾದವರು ಹೇಳಿ ಪ್ಲೀಸ್.

ಲೀಡ್ಸ್ ಕಡೆಯವಳು:

ನಾನೂ ನರ್ಸೇ, ಈಗ ಲೀಡ್ಸ್‌ನಲ್ಲಿದ್ದೇನೆ, ಊರು ದಾವಣಗೆರೆ. ಲಿಸನಿಂಗ್ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ, ರೀಡಿಂಗ್‌ಗೆ ಬೇರೆ ಯಾರಾದರೂ ಬರಲಿ.

26 ಬರುತ್ತಿದೆ ಅಂದರೆ ನಿಮ್ಮ ಇಂಗ್ಲಿಷ್‌ಗೆ ಏನೂ ಆಗಿಲ್ಲ ತಂಗಿ. 30 ಸರಿ ಬಂದರೆ ಸುಮಾರಾಗಿ 7. ನಿಮಗೆ ಬೇಕಿರುವುದು ಇನ್ನು ನಾಲ್ಕೇ ಉತ್ತರ. ಆ ನಾಲ್ಕು ಎಲ್ಲಿ ಸೋರಿಹೋಗುತ್ತಿವೆ ಅಂತ ನೋಡಿ. ನಾಲ್ಕು ಪಾರ್ಟ್‌ಗಳಲ್ಲಿ ಯಾವುದರಲ್ಲಿ ಎಷ್ಟು ಹೋಯಿತು ಅಂತ ಬರೆದಿಡಿ. ಪಾರ್ಟ್ 1ರಲ್ಲಿ ಎರಡು ಹೋಗುತ್ತಿದ್ದರೆ ಮೊದಲು ಅದನ್ನು ಮುಚ್ಚಿ, ಯಾಕೆಂದರೆ ಅಲ್ಲಿ ಬರುವುದು ಬರೀ ಬುಕಿಂಗ್, ವಿಳಾಸ, ಹೆಸರು, ಫೋನ್ ನಂಬರ್. ಪಾರ್ಟ್ 4ರ ಲೆಕ್ಚರ್‌ನಲ್ಲಿ ಕಷ್ಟಪಟ್ಟು ಗಳಿಸುವ ಮಾರ್ಕಿಗೂ ಇಲ್ಲಿ ಸುಲಭವಾಗಿ ಸಿಗುವ ಮಾರ್ಕಿಗೂ ಬೆಲೆ ಒಂದೇ.

ಪಾರ್ಟ್ 1ರಲ್ಲಿ ನಮ್ಮವರು ಎಡವುವ ಜಾಗಗಳು ಹೆಚ್ಚುಕಮ್ಮಿ ಇವೇ. ಥರ್ಟೀನ್, ಥರ್ಟಿ: ಹದಿಮೂರಕ್ಕೆ ಒತ್ತು ಕೊನೆಗೆ ಬೀಳುತ್ತದೆ, ಮೂವತ್ತಕ್ಕೆ ಮೊದಲಿಗೆ. ಕೊನೆಯ 'ನ್' ಕೇಳಿಸುತ್ತದೆ ಅಂತ ಕಾಯಬೇಡಿ, ಒತ್ತು ಹಿಡಿಯಿರಿ. ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳುವಾಗ 'ಎ' ಮತ್ತು 'ಐ': ಆಸ್ಟ್ರೇಲಿಯಾದವರು 'ಎ' ಅಂದರೆ ನಮ್ಮ ಕಿವಿಗೆ 'ಐ' ತರ ಕೇಳಿಸುತ್ತದೆ. 'ಜಿ' ಮತ್ತು 'ಜೆ' ಕೂಡ ಹಾಗೇ. ಆಮೇಲೆ ಅವರು ಬೇಕಂತಲೇ ಮಾತು ಬದಲಿಸುತ್ತಾರೆ. ಮಂಗಳವಾರ ಬರುತ್ತೇನೆ ಅಂದವನು, ಅಯ್ಯೋ ಅವತ್ತು ಆಗಲ್ಲ, ಗುರುವಾರ ಮಾಡೋಣ ಅನ್ನುತ್ತಾನೆ. ಮೊದಲು ಕೇಳಿದ್ದನ್ನು ಬರೆದು ಪೆನ್ ಕೆಳಗಿಟ್ಟವರು ಹೋದರು ಅಂತಲೇ ಲೆಕ್ಕ.

ಸ್ಪೆಲಿಂಗ್ ತಪ್ಪಾದರೆ ಉತ್ತರವೇ ತಪ್ಪು. ನಾವು ಕೇಳಿದ ಹಾಗೆ ಬರೆಯುವ ಭಾಷೆಯಲ್ಲಿ ಬೆಳೆದವರಲ್ವಾ, ಅಕಾಮಡೇಶನ್‌ನಲ್ಲಿ ಎರಡು 'ಸಿ', ಎರಡು 'ಎಂ' ಇವೆ ಅಂತ ಕಿವಿ ಹೇಳುವುದಿಲ್ಲ. ಫೆಬ್ರವರಿ, ವೆಡ್ನೆಸ್‌ಡೇ, ಎನ್ವಿರಾನ್‌ಮೆಂಟ್, ಗವರ್ನ್‌ಮೆಂಟ್ ಇಂಥವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಬ್ರಿಟಿಷ್ ಸ್ಪೆಲಿಂಗ್ ಆಗಲಿ ಅಮೆರಿಕನ್ ಆಗಲಿ, ಎರಡನ್ನೂ ಒಪ್ಪುತ್ತಾರೆ. ಕೊನೆಯ 'ಎಸ್' ಬಿಟ್ಟರೆ ಮಾತ್ರ ಹೋಯಿತು. ಜಾಗಕ್ಕೆ ಒಂದೇ ವಸ್ತು ಹೊಂದುತ್ತದೋ ಹಲವು ಹೊಂದುತ್ತವೋ ಅಂತ ಪ್ರಶ್ನೆಯ ವ್ಯಾಕರಣವೇ ಹೇಳುತ್ತದೆ, ಆಡಿಯೋಗೆ ಮುಂಚೆಯೇ ಅದನ್ನು ನೋಡಿಕೊಳ್ಳಿ.

ಒಂದು ತಪ್ಪಿದರೆ ಮೂರು ಹೋಗುತ್ತವೆ ಅಂದಿರಲ್ಲ, ಅದಕ್ಕೆ ಮದ್ದು ಒಂದೇ. ಕಣ್ಣು ಯಾವಾಗಲೂ ಎರಡು ಪ್ರಶ್ನೆಗಳ ಮೇಲಿರಬೇಕು. 14ಕ್ಕೆ ಕಾಯುತ್ತಿರುವಾಗಲೇ 15ರ ಮುಖ್ಯ ಪದ ತಲೆಯಲ್ಲಿರಲಿ. 15ರ ಮಾತು ಕಿವಿಗೆ ಬಿತ್ತು ಅಂದರೆ 14 ಮುಗಿದುಹೋಯಿತು, ಏನೋ ಒಂದು ಊಹಿಸಿ ಬರೆದು ಮುಂದೆ ನಡೆಯಿರಿ. ತಪ್ಪಿಗೆ ಮಾರ್ಕ್ ಕಳೆಯುವುದಿಲ್ಲ, ಖಾಲಿ ಬಿಡಬೇಡಿ. ಆಡಿಯೋ ಒಂದೇ ಸಲ, ವಾಪಸ್ ಬರುವುದಿಲ್ಲ.

ಸಬ್‌ಟೈಟಲ್ ಸಂಗಪ್ಪ:

ಇಷ್ಟೆಲ್ಲಾ ಯಾಕ್ರೀ, ದಿನಾ ಒಂದು ಇಂಗ್ಲಿಷ್ ಸೀರಿಸ್ ಸಬ್‌ಟೈಟಲ್ ಹಾಕಿಕೊಂಡು ನೋಡಿ, ಕಿವಿ ತಾನಾಗಿ ತೆರೆಯುತ್ತದೆ. ನನ್ನ ತಮ್ಮ ಹಾಗೇ ಮಾಡಿದ್ದು. ಕೋಚಿಂಗ್‌ಗೆ ದುಡ್ಡು ಹಾಕುವುದು ಸುಮ್ನೆ.

ಮೈಸೂರು ಮೇಷ್ಟ್ರು:

ಸಂಗಪ್ಪನವರೆ, ಕೋಚಿಂಗ್ ಎಲ್ಲರಿಗೂ ಬೇಕಿಲ್ಲ ಅನ್ನುವುದನ್ನು ಒಪ್ಪುತ್ತೇನೆ, ನಾನೇ ಪಾಠ ಹೇಳುವವನಾದರೂ. ಆದರೆ ಸಬ್‌ಟೈಟಲ್ ಹಾಕಿದ ಕೂಡಲೇ ಅದು ರೀಡಿಂಗ್ ಆಗಿಬಿಡುತ್ತದೆ, ಕಿವಿ ಆರಾಮಾಗಿ ಮಲಗುತ್ತದೆ. ಮತ್ತೆ, ಸೀರಿಸ್ ನೋಡುವಾಗ ಕಥೆ ತಿಳಿದರೆ ಸಾಕು. ಪರೀಕ್ಷೆಯಲ್ಲಿ ಕಥೆ ಯಾರೂ ಕೇಳುವುದಿಲ್ಲ, ಒಂದು ನಿರ್ದಿಷ್ಟ ಪದ ಕೇಳುತ್ತಾರೆ. ವಾರಕ್ಕೊಮ್ಮೆ ಖುಷಿಗೆ ನೋಡಲಿ, ತಯಾರಿ ಅಂತ ಕರೆಯಬೇಡಿ.

ದಿನಕ್ಕೆ ಒಂದೇ ಗಂಟೆ ಇರುವವರು ದಿನಾ ಪೂರ್ತಿ ಮಾಕ್ ಬರೆಯುವುದು ದಂಡ. ಅರ್ಧ ಗಂಟೆ ಟೆಸ್ಟ್ ಮಾಡಿ, ಸ್ಕೋರ್ ನೋಡಿ ಬೇಜಾರು ಮಾಡಿಕೊಂಡು ಮಲಗುವುದು, ಇದೇ ಆಗುತ್ತದೆ. ಅದರ ಬದಲು ಕೇಂಬ್ರಿಡ್ಜ್‌ನವರು ಹೊರತರುವ ಹಳೇ ಪೇಪರ್‌ಗಳ ಪುಸ್ತಕ ತೆಗೆದುಕೊಂಡು ಒಂದೇ ಒಂದು ಪಾರ್ಟ್ ಕೇಳಿ. ಉತ್ತರ ನೋಡುವ ಮೊದಲು ಇನ್ನೊಮ್ಮೆ ಕೇಳಿ. ಆಮೇಲೆ ಹಿಂದಿನ ಪುಟಗಳಲ್ಲಿರುವ ಟ್ರಾನ್ಸ್‌ಕ್ರಿಪ್ಟ್ ತೆರೆದು, ಪ್ರಶ್ನೆಯಲ್ಲಿ ಯಾವ ಮಾತಿತ್ತು, ಆಡಿಯೋದಲ್ಲಿ ಅದೇ ವಿಷಯ ಯಾವ ಮಾತಿನಲ್ಲಿ ಬಂತು ಅಂತ ಜೋಡಿ ಮಾಡಿ ಬರೆಯಿರಿ. ಪ್ರಶ್ನೆಯಲ್ಲಿ 'ಚೀಪ್' ಇರುತ್ತದೆ, ಆಡಿಯೋದಲ್ಲಿ 'ಇಟ್ ವೋಂಟ್ ಕಾಸ್ಟ್ ಯು ಮಚ್' ಅಂತ ಬರುತ್ತದೆ. ಈ ಪರೀಕ್ಷೆಯ ಜೀವಾಳ ಇರುವುದು ಇಲ್ಲೇ. ಪಾರ್ಟ್ 3ರ ಮಲ್ಟಿಪಲ್ ಚಾಯ್ಸ್‌ನಲ್ಲಿ ಮೂರೂ ಆಯ್ಕೆಗಳ ಬಗ್ಗೆ ಮಾತು ಬರುತ್ತದೆ. ಪ್ರಶ್ನೆಯಲ್ಲಿದ್ದ ಪದವೇ ಆಡಿಯೋದಲ್ಲಿ ಹಾಗೇ ಕೇಳಿಸಿತು ಅಂದರೆ ಖುಷಿಪಡಬೇಡಿ, ಅನುಮಾನ ಪಡಿ.

ಈಗ ರೀಡಿಂಗ್. ಆರೋಗ್ಯದ ಪ್ಯಾಸೇಜ್‌ನಲ್ಲೇ ಯಾಕೆ ಜಾಸ್ತಿ ತಪ್ಪುತ್ತದೆ ಅಂತ ಕೇಳಿದ್ದೀರಿ. ನಿಮಗೆ ಆ ವಿಷಯ ಗೊತ್ತಿರುವುದರಿಂದಲೇ! ಒಂದು ಉದಾಹರಣೆ ನಾನೇ ಕಟ್ಟಿ ಕೊಡುತ್ತೇನೆ. ಒಂದು ಆಸ್ಪತ್ರೆಯಲ್ಲಿ ಸರ್ಜಿಕಲ್ ವಾರ್ಡ್‌ಗಳ ಬಾಗಿಲಿಗೆ ಮಾತ್ರ ಕೈ ತೊಳೆಯಿರಿ ಅಂತ ಬೋರ್ಡ್ ಹಾಕಿದರು, ಆಮೇಲೆ ಕೈ ತೊಳೆಯುವ ಸಿಬ್ಬಂದಿ ಹೆಚ್ಚಾದರು ಅಂತ ಪ್ಯಾಸೇಜ್‌ನಲ್ಲಿದೆ ಅನ್ನಿ. ಪ್ರಶ್ನೆ: 'ಬೋರ್ಡ್ ಹಾಕಿದ ಮೇಲೆ ಆ ಆಸ್ಪತ್ರೆಯಲ್ಲಿ ಸೋಂಕು ಕಡಿಮೆಯಾಯಿತು.' ನರ್ಸ್ ಆದವರು ತಕ್ಷಣ ಟ್ರೂ ಅನ್ನುತ್ತಾರೆ, ಯಾಕೆಂದರೆ ಕೈ ತೊಳೆದರೆ ಸೋಂಕು ಕಡಿಮೆ ಆಗುತ್ತದೆ ಅಂತ ಓದಿದ್ದಾರೆ, ದಿನಾ ಮಾಡುತ್ತಾರೆ. ಆದರೆ ಪ್ಯಾಸೇಜ್ ಸೋಂಕಿನ ಸುದ್ದಿಯನ್ನೇ ಎತ್ತಿಲ್ಲ. ಉತ್ತರ ನಾಟ್ ಗಿವನ್. ಇನ್ನೊಂದು: 'ಎಲ್ಲ ವಾರ್ಡ್‌ಗಳಿಗೂ ಬೋರ್ಡ್ ಹಾಕಿದರು.' ಇದು ಫಾಲ್ಸ್, ಸರ್ಜಿಕಲ್‌ಗೆ ಮಾತ್ರ ಅಂತ ಅಲ್ಲೇ ಇದೆ. ಫಾಲ್ಸ್ ಅನ್ನಬೇಕಾದರೆ ಅದಕ್ಕೆ ಎದುರಾದ ಮಾತನ್ನು ಬೆರಳಿಟ್ಟು ತೋರಿಸಲು ಬರಬೇಕು. ಟ್ರೂಗೂ ಹಾಗೇ. ಬೆರಳಿಡಲು ಜಾಗ ಇಲ್ಲದಿದ್ದರೆ ನಾಟ್ ಗಿವನ್, ಅಷ್ಟೇ. ಲೋಕದಲ್ಲಿ ನಿಜ ಏನು ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ.

ಪ್ರಶ್ನೆಯಲ್ಲಿ ಆಲ್, ಓನ್ಲಿ, ಮೋಸ್ಟ್, ಆಲ್ವೇಸ್, ಮೇ ಇಂಥ ಚಿಕ್ಕ ಪದಗಳು ಕಂಡರೆ ಅಲ್ಲಿ ನಿಲ್ಲಿ. ಮುಕ್ಕಾಲು ಮೋಸ ಅವುಗಳಲ್ಲೇ ಇರುತ್ತದೆ.

ಸಮಯದ ವಿಷಯ. 60 ನಿಮಿಷ, ಮೂರು ಪ್ಯಾಸೇಜ್, 40 ಪ್ರಶ್ನೆ, ಉತ್ತರ ತುಂಬಲು ಬೇರೆ ಸಮಯ ಕೊಡುವುದಿಲ್ಲ. ತಲಾ 20 ನಿಮಿಷ ಅಂತ ಎಲ್ಲರೂ ಹೇಳುತ್ತಾರೆ, ನನಗೆ ಅದು ಹಿಡಿಸುವುದಿಲ್ಲ. ಸಾಮಾನ್ಯವಾಗಿ ಮೊದಲನೆಯದು ಸುಲಭ, ಕೊನೆಯದು ಕಷ್ಟ. 15, 20, 25 ಅಂತ ಹಂಚಿಕೊಳ್ಳಿ. 15 ಆದಾಗ ಮುಗಿದಿರಲಿ ಬಿಡಲಿ, ಉಳಿದದ್ದಕ್ಕೆ ಊಹೆ ಹಾಕಿ ಮುಂದಿನ ಪ್ಯಾಸೇಜ್‌ಗೆ ಹೋಗಿಬಿಡಿ. ಒಂದು ಪ್ರಶ್ನೆಗೆ ನಾಲ್ಕು ನಿಮಿಷ ಕೊಟ್ಟು ಗೆದ್ದರೂ ಬರುವುದು ಒಂದೇ ಮಾರ್ಕ್.

ಪೂರ್ತಿ ಓದಿ ಆಮೇಲೆ ಪ್ರಶ್ನೆಗೆ ಬರಬೇಕೋ, ಮೊದಲು ಪ್ರಶ್ನೆ ನೋಡಬೇಕೋ ಅಂತ ದೊಡ್ಡ ಜಗಳವೇ ಇದೆ. ನನ್ನ ಅಭಿಪ್ರಾಯ, ಪ್ರಶ್ನೆಯ ಬಗೆ ನೋಡಿ ತೀರ್ಮಾನಿಸಿ. ಟ್ರೂ ಫಾಲ್ಸ್ ಪ್ರಶ್ನೆಗಳ ಉತ್ತರ ಪ್ಯಾಸೇಜ್‌ನಲ್ಲಿ ಅದೇ ಕ್ರಮದಲ್ಲಿ ಬರುತ್ತವೆ, ಹಾಗಾಗಿ ಒಂದು ಕಡೆಯಿಂದ ಇಳಿದುಕೊಂಡು ಹೋಗಬಹುದು. ಯಾವ ಪ್ಯಾರಾದಲ್ಲಿ ಈ ಮಾಹಿತಿ ಇದೆ ಅಂತ ಕೇಳುವ ಪ್ರಶ್ನೆಗೆ ಕ್ರಮ ಇರುವುದಿಲ್ಲ. ಅದನ್ನು ಕೊನೆಗೆ ಇಟ್ಟುಕೊಳ್ಳಿ, ಅಷ್ಟೊತ್ತಿಗೆ ಪ್ಯಾಸೇಜ್ ಅರ್ಧ ಬಾಯಿಪಾಠ ಆಗಿರುತ್ತದೆ. ಹೆಡಿಂಗ್ ಹೊಂದಿಸುವಾಗ ಪ್ಯಾರಾದ ಒಂದು ಉದಾಹರಣೆಗೆ ಹೊಂದುವ ಹೆಡಿಂಗ್ ಬೇಡ, ಇಡೀ ಪ್ಯಾರಾಗೆ ಹೊಂದುವುದು ಬೇಕು. ಎರಡು ಪದ ಮೀರಬಾರದು ಅಂದಿದ್ದರೆ ಮೂರು ಬರೆದು ಮಾರ್ಕ್ ಕಳೆದುಕೊಳ್ಳಬೇಡಿ.

ಕುಡ್ಲದ ಸಿಸ್ಟರ್:

ಯಾರೂ ಒಇಟಿ ಹೆಸರೇ ಎತ್ತಿಲ್ಲವಲ್ಲ, ಆಸ್ಪತ್ರೆ ಕೆಲಸದವರಿಗೆ ಅಂತಲೇ ಇರುವ ಇಂಗ್ಲಿಷ್ ಪರೀಕ್ಷೆ? ಎನ್‌ಎಂಸಿ ಅದನ್ನೂ ಒಪ್ಪುತ್ತದೆ. ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್‌ಗೆ ಬಿ ಗ್ರೇಡ್, ಅಂದರೆ 500ಕ್ಕೆ 350. ರೈಟಿಂಗ್‌ಗೆ ಸಿ ಪ್ಲಸ್, 300. ಎಲ್ಲಾ ಆಸ್ಪತ್ರೆಯ ಮಾತೇ. ಲಿಸನಿಂಗ್‌ನ ಮೊದಲ ಭಾಗದಲ್ಲಿ ಪೇಷೆಂಟ್ ತನ್ನ ತೊಂದರೆ ಹೇಳುತ್ತಾ ಹೋಗುತ್ತಾನೆ, ನೀವು ಕೇಸ್ ನೋಟ್ಸ್ ತುಂಬಬೇಕು. ಐಸಿಯುನವರಿಗೆ ಹ್ಯಾಂಡೋವರ್ ಬರೆದು ಅಭ್ಯಾಸ ಇರುತ್ತದಲ್ಲ, ಕೈ ತಾನಾಗಿ ಓಡುತ್ತದೆ.

ಆದರೆ ಸುಲಭ ಅಂದುಕೊಂಡು ಬರಬೇಡಿ. ರೀಡಿಂಗ್ ಪಾರ್ಟ್ ಎ ಅಂದರೆ 15 ನಿಮಿಷದಲ್ಲಿ ಒಂದೇ ವಿಷಯದ ಮೇಲೆ ನಾಲ್ಕು ಚಿಕ್ಕ ಪಠ್ಯ, 20 ಪ್ರಶ್ನೆ. 15 ನಿಮಿಷ ಆದಮೇಲೆ ಮತ್ತೆ ಆ ಭಾಗಕ್ಕೆ ಹೋಗುವಂತಿಲ್ಲ. ಅಲ್ಲಿ ಓದಲು ಕೂತರೆ ಮುಗಿಯಿತು, ಹುಡುಕಬೇಕು ಅಷ್ಟೇ. ಡೋಸ್ ಕೇಳಿದ್ದಾರಾ, ಟೇಬಲ್ ಇರುವ ಪಠ್ಯಕ್ಕೆ ಹೋಗಿ. ಪದವನ್ನು ಪಠ್ಯದಲ್ಲಿ ಇದ್ದ ಹಾಗೇ ಇಳಿಸಿ, ನಿಮ್ಮ ವಾರ್ಡ್‌ನ ಶಾರ್ಟ್‌ಫಾರ್ಮ್ ಬೇಡ. ಮೇಷ್ಟ್ರು ಹೇಳಿದ ಕಾಯಿಲೆ ಇಲ್ಲಿ ಇನ್ನೂ ಜಾಸ್ತಿ ಕಾಡುತ್ತದೆ: ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಬೇರೆ, ಪಠ್ಯದಲ್ಲಿರುವುದು ಬೇರೆ. ಫೀಸು ಕೂಡ ಐಇಎಲ್‌ಟಿಎಸ್‌ಗಿಂತ ಜಾಸ್ತಿ. ಆರೂವರೆವರೆಗೆ ಬಂದಿರುವವರು ಈಗ ಗಾಡಿ ತಿರುಗಿಸಬೇಕಾ ಅನ್ನುವುದು ನೀವೇ ಯೋಚಿಸಿ, ನಾನಾಗಿದ್ದರೆ ಇನ್ನೊಂದು ಸಲ ಐಇಎಲ್‌ಟಿಎಸ್‌ನಲ್ಲೇ ನೋಡುತ್ತಿದ್ದೆ.

ಗಿರ್ಮಿಟ್:

ಎಲ್ಲರಿಗೂ ಥ್ಯಾಂಕ್ಸ್. ಆ ಕೈ ತೊಳೆಯುವ ಉದಾಹರಣೆ ಓದಿ ನಗು ಬಂತು ಮೇಷ್ಟ್ರೆ, ನಾನೂ ಟ್ರೂ ಅಂತಲೇ ಹೇಳಿದ್ದೆ. ಎರಡು ಪ್ರಶ್ನೆ ಉಳಿದಿವೆ. ಕಂಪ್ಯೂಟರ್‌ನಲ್ಲಿ ಬರೆಯುವುದು ಒಳ್ಳೆಯದಾ, ಪೇಪರ್ ಒಳ್ಳೆಯದಾ? ಮತ್ತೆ ಒಂದರಲ್ಲಿ ಮಾತ್ರ ಅರ್ಧ ಬ್ಯಾಂಡ್ ಕಡಿಮೆ ಬಂದರೆ ಎಲ್ಲಾ ಮತ್ತೆ ಮೊದಲಿಂದನಾ?

ಲೀಡ್ಸ್ ಕಡೆಯವಳು:

ಎರಡನೆಯದಕ್ಕೆ ನಾನು ಹೇಳುತ್ತೇನೆ. ಎನ್‌ಎಂಸಿ ಎರಡು ಪರೀಕ್ಷೆಗಳ ಅಂಕ ಸೇರಿಸಿ ನೋಡುತ್ತದೆ. ಎರಡರ ನಡುವೆ 12 ತಿಂಗಳಿಗಿಂತ ಜಾಸ್ತಿ ಅಂತರ ಇರಬಾರದು, ಯಾವುದರಲ್ಲೂ ಬೇಕಾದ್ದಕ್ಕಿಂತ ಅರ್ಧ ಬ್ಯಾಂಡ್‌ಗಿಂತ ಕೆಳಗೆ ಇಳಿದಿರಬಾರದು. ಅಂದರೆ ಒಂದು ಸಲ ಲಿಸನಿಂಗ್ 7, ರೀಡಿಂಗ್ 6.5 ಬಂದು, ಇನ್ನೊಂದು ಸಲ ರೀಡಿಂಗ್ 7 ಬಂದರೆ ನಡೆಯುತ್ತದೆ. ಫೀಸು ಕಟ್ಟುವ ಮುಂಚೆ ಅವರ ಸೈಟ್‌ನಲ್ಲಿ ಒಮ್ಮೆ ನೀವೇ ಓದಿಕೊಳ್ಳಿ, ನಿಯಮ ಬದಲಾಗುತ್ತಿರುತ್ತವೆ. ಏಜೆಂಟ್ ಮಾತು ಕೇಳಬೇಡಿ. ಪರೀಕ್ಷೆ ಬರೆಯದೇ ಸರ್ಟಿಫಿಕೇಟ್ ಕೊಡಿಸುತ್ತೇವೆ ಅನ್ನುವವರ ಹತ್ತಿರ ಅಂತೂ ಹೋಗಲೇಬೇಡಿ, ನೌಕರಿ ಇರಲಿ, ರಿಜಿಸ್ಟ್ರೇಷನ್ನೇ ಹೋಗುತ್ತದೆ.

ಮೈಸೂರು ಮೇಷ್ಟ್ರು:

ಕಂಪ್ಯೂಟರ್ ಅಂದರೆ ಎಡಕ್ಕೆ ಪ್ಯಾಸೇಜ್, ಬಲಕ್ಕೆ ಪ್ರಶ್ನೆ, ಪುಟ ತಿರುವುವ ಗೋಳಿಲ್ಲ, ಹೈಲೈಟ್ ಮಾಡಬಹುದು. ಆದರೆ ಲಿಸನಿಂಗ್ ಮುಗಿದ ಮೇಲೆ ನೋಡಿಕೊಳ್ಳಲು 2 ನಿಮಿಷ ಅಷ್ಟೇ. ಪೇಪರ್‌ನಲ್ಲಿ ಬರೆಯುವ ಅವಕಾಶ ಇರುವ ಕಡೆ ಉತ್ತರ ಇಳಿಸಲು 10 ನಿಮಿಷ ಸಿಗುತ್ತದೆ. ಕೇಳುತ್ತಲೇ ಸರಿಯಾಗಿ ಟೈಪ್ ಮಾಡಲು ಬಂದರೆ ಕಂಪ್ಯೂಟರ್. ಕೀಬೋರ್ಡ್ ನೋಡಿ ಒಂದೊಂದೇ ಅಕ್ಷರ ಒತ್ತುವವರಾದರೆ ಮೊದಲು ಅದನ್ನು ರೂಢಿ ಮಾಡಿಕೊಳ್ಳಿ. ಯಾವುದರಲ್ಲಿ ಬರೆಯುತ್ತೀರೋ ಅದರಲ್ಲೇ ಅಭ್ಯಾಸ ಮಾಡಿ.

ತುಮಕೂರು ಟು ಟೊರಾಂಟೊ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಕೆನಡಾ ಪಿಆರ್‌ಗೆ, ಅಂದರೆ ಅಲ್ಲೇ ಕಾಯಂ ನೆಲೆಸಲು, ಐಇಎಲ್‌ಟಿಎಸ್‌ನ ಇನ್ನೊಂದು ಬಗೆಯಾದ ಜನರಲ್ ಟ್ರೇನಿಂಗ್ ಬರೆಯುವವನು. ಇದೇ ತಯಾರಿ ನನಗೂ ಸಾಕಾ? ಜನರಲ್ ರೀಡಿಂಗ್ ಸುಲಭ ಅಂತಾರಲ್ಲ.

ಮೈಸೂರು ಮೇಷ್ಟ್ರು:

ಲಿಸನಿಂಗ್ ಇಬ್ಬರಿಗೂ ಒಂದೇ. ರೀಡಿಂಗ್ ಬೇರೆ: ಮೊದಲ ಭಾಗದಲ್ಲಿ ಜಾಹೀರಾತು, ನೋಟೀಸು, ಎರಡನೆಯದರಲ್ಲಿ ಆಫೀಸಿನ ಕಾಗದಪತ್ರ, ಮೂರನೆಯದರಲ್ಲಿ ಮಾತ್ರ ಒಂದು ಉದ್ದ ಪ್ಯಾಸೇಜ್. ಪಠ್ಯ ಸುಲಭ, ಅದಕ್ಕೇ ಮಾರ್ಕ್ ಬಿಗಿ. ಅಕಾಡೆಮಿಕ್‌ನಲ್ಲಿ 30 ಉತ್ತರ ಸರಿ ಇದ್ದರೆ 7 ಬರುತ್ತದೆ, ಜನರಲ್‌ನಲ್ಲಿ ಅಷ್ಟೇ ಸರಿ ಇದ್ದರೆ 6 ಅಷ್ಟೇ, 7 ಬೇಕಾದರೆ ಸುಮಾರು 34 ಸರಿ ಇರಬೇಕು. ಸಿಎಲ್‌ಬಿ (ಕೆನಡಾದವರು ಭಾಷೆ ಅಳೆಯುವ ಮಟ್ಟ) 9 ನಿಮ್ಮ ಗುರಿಯಾದರೆ ಲಿಸನಿಂಗ್ 8 ಬೇಕು, ಉಳಿದ ಮೂರಕ್ಕೆ 7 ಸಾಕು. ಲಿಸನಿಂಗ್‌ನಲ್ಲಿ 8 ಅಂದರೆ 35ರ ಹತ್ತಿರ. ಹಾಗಾಗಿ ನಿಮಗೆ ಐದು ತಪ್ಪಿಗೆ ಮಾತ್ರ ಜಾಗ, ಪಾರ್ಟ್ 1ರಲ್ಲಿ ಒಂದನ್ನೂ ಬಿಡುವಂತಿಲ್ಲ.